ಮಾರಾಟಕ್ಕಿಟ್ಟ ಜೀಪು

ಹಿಂದಿನ ಸಂಚಿಕೆಯಲ್ಲಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುವ ವಿಚಾರವನ್ನು ಬರೆದಿದ್ದೆನಷ್ಟೆ. ಹಳೆಯ ವಸ್ತುಗಳನ್ನು ಇಟ್ಟುಕೊಳ್ಳುವ ಬಗೆಯನ್ನು ತಿಳಿಸಿದಿರಿ, ಅವನ್ನು ಕೊಟ್ಟುಬಿಡುವ ಬಗೆಯನ್ನೂ ತಿಳಿಸಬಾರದೇಕೆ ಎಂದು ವಾಚಕರೊಬ್ಬರು ಕೇಳಿದ್ದಾರೆ. ಪ್ರಶ್ನೆ ಸಮಯಕ್ಕೆ ಸರಿಯಾಗಿ ಬಂದಿತು. ಆ ವಾರದಲ್ಲಿಯೇ ನಮ್ಮ ನೆರೆಯ ತೋಟದ ಗೌಡರು ತಮ್ಮ ಜೀಪನ್ನು ಮಾರುವುದೆಂದು ನಿಶ್ಚಯಿಸಿ, ಅದಕ್ಕೊಂದು ಜಾಹೀರಾತನ್ನು ಬರೆಯಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪ್ರಬಂಧ ಬರೆಯಿಸಿದವನಿಗೆ ನಾಲ್ಕು ಸಾಲಿನ ಜಾಹೀರಾತು ಎಷ್ಟರದು ಎಂದು ಅವರೂ ಎಣಿಸಿದ್ದರು, ನಾನೂ ಎಣಿಸಿದ್ದೆನು.

ಮಲೆನಾಡಿನಲ್ಲಿ, ಅದರಲ್ಲಿಯೂ ಕೊಪ್ಪ ಶೃಂಗೇರಿಗಳ ಕಡೆಯಲ್ಲಿ, ಜೀಪೆಂಬುದು ವಿಲಾಸದ ವಸ್ತುವಲ್ಲ. ಬಯಲುಸೀಮೆಯಲ್ಲಿ ಎತ್ತಿನ ಗಾಡಿ ಹೇಗೋ ಇಲ್ಲಿ ಜೀಪು ಹಾಗೆ. ಅಡಕೆಯ ಮೂಟೆ, ಗೊಬ್ಬರ, ಮದುವೆಯ ದಿಬ್ಬಣ, ಹೆರಿಗೆಯ ನೋವು ತಿನ್ನುವ ಹೆಂಗಸು, ಶಾಲೆಯ ಪರೀಕ್ಷೆಗೆ ಹೊರಟ ಹುಡುಗರು, ಇವೆಲ್ಲವೂ ಒಂದೇ ಹಲಗೆಯ ಮೇಲೆ ಕುಳಿತು ಬಂದಿವೆ. ಗೌಡರ ಜೀಪು 1968ರ ಮಾದರಿಯದು. ಅದನ್ನು ಅವರ ತಂದೆಯವರು 1974ರಲ್ಲಿ ಬೇರೊಂದು ತೋಟದವರಿಂದ ಕೊಂಡರು. ಅದರ ಸಂಖ್ಯೆ ಇಂದಿಗೂ ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಎಂಬ ಅಕ್ಷರಗಳಿಂದಲೇ ಮೊದಲಾಗುತ್ತದೆ. ಚಾಲಕನ ಆಸನ ಎಡಗಡೆಗೆ ಇರುವುದರಿಂದ ಹಿಂದಿನ ತಗಡಿನ ಮೇಲೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬಿಳಿಯ ಬಣ್ಣದಲ್ಲಿ ಬರೆದಿದೆ. ಗೌಡರಿಗೆ ಈಗ ಎಪ್ಪತ್ತಾರು ವರ್ಷ. ಎರಡು ಮಂಡಿಗಳೂ ಸವೆದು, ಕ್ಲಚ್ಚನ್ನು ತುಳಿಯಲಾರರು. ಮಂಡಿಗಳ ಶಸ್ತ್ರಚಿಕಿತ್ಸೆಗೆ ಹಣವೂ ಬೇಕು. ಆದುದರಿಂದ ಮಾರಾಟ.

ನಾನು ಕನ್ನಡಕವನ್ನು ಏರಿಸಿಕೊಂಡು, ‘ಸರ್ವಾಂಗಸುಂದರವೂ ಸುಸ್ಥಿತಿಯಲ್ಲಿರುವುದೂ ಆದ ಪ್ರಾಚೀನ ವಾಹನವೊಂದು ವಿಕ್ರಯಕ್ಕೆ ಸಿದ್ಧವಾಗಿದೆ’ ಎಂದು ಬರೆದು ಓದಿದೆನು. ಗೌಡರು ಕೇಳಿ, “ಮೇಷ್ಟ್ರೇ, ಇದು ಜೀಪಿನ ಜಾಹೀರಾತೋ ಮದುವೆಯ ಕರೆಯೋಲೆಯೋ? ಸುಸ್ಥಿತಿ ಎಂದರೆ ಏನು ಅಂತ ಬಂದು ನೋಡಿ ಬರೀರಿ” ಎಂದರು. ನೋಡದೆ ಬರೆಯುವುದು ನಮ್ಮ ವೃತ್ತಿಯವರ ಹಳೆಯ ದೋಷ. ಮರುದಿನ ಬೆಳಗ್ಗೆ ಅವರ ಕೊಟ್ಟಿಗೆಗೆ ಹೋದೆನು. ಪೇಟೆಯಿಂದ ಅವರ ಜೀಪಿನ ಮೇಸ್ತ್ರಿಯೂ ಬಂದಿದ್ದನು.

ಆತನಿಂದ ನಾನು ಕಲಿತುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹಳೆಯ ವಾಹನವನ್ನು ಕೊಳ್ಳುವ ಪ್ರಸಂಗ ಯಾವ ಸಂಸಾರಸ್ಥನಿಗಾದರೂ ಬರಬಹುದು. ನಾವು ಮೊದಲು ನೋಡುವುದು ಬಣ್ಣವನ್ನು. ಮೇಸ್ತ್ರಿಯು ಬಣ್ಣವನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ನೆಲದ ಮೇಲೆ ಗೋಣಿಯನ್ನು ಹಾಸಿ ಅಂಗಾತ ಮಲಗಿ ವಾಹನದ ಅಡಿಗೆ ಸರಿದನು. ಜೀಪಿನ ಬೆನ್ನೆಲುಬು ಎಂದರೆ ಉದ್ದಕ್ಕೂ ಹಾಯ್ದಿರುವ ಎರಡು ಉಕ್ಕಿನ ತೊಲೆಗಳು. ಅದಕ್ಕೆ ಚಾಸಿ ಎನ್ನುತ್ತಾರೆ. ಮೇಲಿನ ತಗಡು ತುಕ್ಕು ಹಿಡಿದರೆ ಬೇರೆ ತಗಡನ್ನು ಹೊಡೆಯಬಹುದು. ಇಂಜಿನ್ ಸವೆದರೆ ಬಿಚ್ಚಿ ಕೊರೆಯಿಸಬಹುದು. ಚಾಸಿ ಬಾಗಿದ್ದರೆ ಅಥವಾ ಒಳಗಿನಿಂದ ತಿಂದುಹೋಗಿದ್ದರೆ ಮಾತ್ರ ಉಳಿದ ಅಲಂಕಾರವೆಲ್ಲ ವ್ಯರ್ಥವೆಂದು ಆತನ ಮತ. ಮಲೆನಾಡಿನ ಮಳೆಯಲ್ಲಿ ಕೆಸರು ತೊಲೆಯ ಒಳಗೆ ಸೇರಿ ತಿಂಗಳುಗಟ್ಟಲೆ ಆರದೆ ಕುಳಿತುಬಿಡುತ್ತದೆ. ಹೊರಗೆ ಹೊಸ ಬಣ್ಣ, ಒಳಗೆ ತುಕ್ಕು. ಆದುದರಿಂದ ಆತನು ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೂ ತಟ್ಟಿ ಕಿವಿಗೊಡುತ್ತಿದ್ದನು. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ಕೊಳೆತದ್ದು ಹಂಚಿನಂತೆ. ತೆಂಗಿನಕಾಯಿಯನ್ನು ತಟ್ಟಿ ನೋಡುವ ನಮ್ಮ ಮನೆಯವರಿಗೆ ಈ ವಿದ್ಯೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ.

ಅನಂತರ ಸ್ಟಿಯರಿಂಗ್ ಚಕ್ರವನ್ನು ಆಚೀಚೆ ಅಲ್ಲಾಡಿಸಿ, ರಸ್ತೆಯ ಚಕ್ರ ತಿರುಗುವುದಕ್ಕೆ ಮೊದಲು ಎಷ್ಟು ಸಡಿಲವಿದೆಯೆಂದು ನೋಡಿದನು. ಸ್ವಲ್ಪ ಸಡಿಲ ಎಲ್ಲ ಹಳೆಯ ಜೀಪಿನಲ್ಲಿಯೂ ಉಂಟು, ಹೆಚ್ಚಾದರೆ ಘಟ್ಟದ ತಿರುವಿನಲ್ಲಿ ಅಪಾಯ. ಬೆಳಗಿನ ತಣ್ಣನೆಯ ಇಂಜಿನನ್ನೇ ಹೊರಡಿಸಿ ಹೊಗೆಯನ್ನು ಪರೀಕ್ಷಿಸಬೇಕಂತೆ. ಮಾರುವವನು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಸಂಶಯಪಡತಕ್ಕದ್ದು. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ, ಬಿಸಿಯಾದ ಮೇಲೆಯೂ ಬಿಳಿಯಾಗಿಯೇ ಇದ್ದರೆ ನೀರು ಒಳಸೇರುತ್ತಿದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೂ ಎಥನಾಲ್ ಬೆರೆತಿರುವುದರಿಂದ ಹಳೆಯ ಕಾಲದ ರಬ್ಬರಿನ ನಳಿಗೆಗಳು ಬೇಗ ಹಾಳಾಗುತ್ತವೆಂದೂ, ಅವನ್ನು ಬದಲಾಯಿಸಿದೆಯೆ ಎಂದು ಕೇಳಬೇಕೆಂದೂ ಹೇಳಿದನು. ಈ ಮಾದರಿಯಲ್ಲಿ ಪೆಟ್ರೋಲಿನ ತೊಟ್ಟಿ ಇರುವುದು ಚಾಲಕನ ಆಸನದ ಅಡಿಯಲ್ಲಿಯೇ. ಸೋರುವ ನಳಿಗೆಯ ಮೇಲೆ ಕುಳಿತು ಬೀಡಿ ಹಚ್ಚುವವರೂ ಉಂಟೆಂದು ಕೇಳಿ ನಾನು ದಿಗಿಲುಗೊಂಡೆನು.

ಗೇರಿನ ಹಿಡಿಯ ಪಕ್ಕದಲ್ಲಿ ಇನ್ನೆರಡು ಚಿಕ್ಕ ಹಿಡಿಗಳಿವೆ. ಒಂದು ಮುಂದಿನ ಚಕ್ರಗಳಿಗೂ ಇಂಜಿನಿನ ಶಕ್ತಿಯನ್ನು ಕೂಡಿಸುತ್ತದೆ. ಇನ್ನೊಂದು ವೇಗವನ್ನು ಸುಮಾರು ಎರಡೂವರೆ ಪಾಲು ತಗ್ಗಿಸಿ ಎಳೆತವನ್ನು ಅಷ್ಟೇ ಪಾಲು ಹೆಚ್ಚಿಸುತ್ತದೆ. ಮೊದಲು ಮುಂದಿನ ಚಕ್ರಗಳನ್ನು ಕೂಡಿಸಿಯೇ ಎರಡನೆಯ ಹಿಡಿಯನ್ನು ಹಾಕಬೇಕು. ಇಲ್ಲವಾದರೆ ಆ ಎಳೆತವೆಲ್ಲ ಹಿಂದಿನ ಅಚ್ಚೊಂದರ ಮೇಲೆಯೇ ಬೀಳುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರಗಳನ್ನೂ ಕೂಡಿಸಿ ಓಡಿಸತಕ್ಕದ್ದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ನಡೆಯುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳುತ್ತದೆ, ಗಟ್ಟಿ ನೆಲದಲ್ಲಿ ಜಾರಲಾರದೆ ಒಳಗಿನ ಹಲ್ಲುಗಳು ಬಿಗಿದುಕೊಳ್ಳುತ್ತವೆ. ಅವಿಭಕ್ತ ಕುಟುಂಬದ ನೆನಪಾಗಿ ನಗುಬಂದಿತು. ಕಷ್ಟದ ಹಾದಿಯಲ್ಲಿ ಎಲ್ಲರೂ ಒಂದೇ ನೊಗಕ್ಕೆ, ಸಲೀಸಾದ ಹಾದಿಯಲ್ಲಿ ಸ್ವಲ್ಪ ಬಿಡುವು ಇರಬೇಕು.

ಈ ವಾಹನದ ವಂಶಾವಳಿಯನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. 1940ರಲ್ಲಿ ಅಮೆರಿಕದ ಸೇನೆಯವರು ಹಗುರವಾದ ನಾಲ್ಕು ಚಕ್ರಚಾಲನೆಯ ಬಂಡಿಯೊಂದು ಬೇಕೆಂದು 135 ಮಂದಿ ತಯಾರಕರನ್ನು ಕೇಳಿ, ಮೊದಲ ಮಾದರಿಗೆ ಕೊಟ್ಟ ಅವಧಿ 49 ದಿನಗಳು ಮಾತ್ರ. ಬ್ಯಾಂಟಮ್ ಎಂಬ ಚಿಕ್ಕ ಕಂಪನಿಯು ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರರಿಂದ ನಕ್ಷೆ ಬರೆಯಿಸಿ, ಆ ವರ್ಷದ ಸೆಪ್ಟೆಂಬರ್ 23ರಂದು ಬಂಡಿಯನ್ನು ಒಪ್ಪಿಸಿತು. ಆದರೆ ಯುದ್ಧಕ್ಕೆ ಬೇಕಾದಷ್ಟನ್ನು ಮಾಡುವ ಬಲ ಅದಕ್ಕಿರಲಿಲ್ಲ. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧ ಮುಗಿಯುವುದರೊಳಗೆ 6 ಲಕ್ಷಕ್ಕೂ ಮೇಲ್ಪಟ್ಟು ಮಾಡಿದುವು. ಹೆತ್ತವರೊಬ್ಬರು, ಹೆಸರು ಪಡೆದವರು ಬೇರೆ. ‘ಜೀಪು’ ಎಂಬ ಶಬ್ದದ ವ್ಯುತ್ಪತ್ತಿಯಲ್ಲಿಯೂ ಪಂಡಿತರಿಗೆ ಒಮ್ಮತವಿಲ್ಲ. ಜಿ.ಪಿ. ಎಂಬ ಎರಡಕ್ಷರಗಳ ಕೂಡಿಕೆ ಎಂದು ಕೆಲವರು, 1936ರ ಪಾಪಾಯ್ ಚಿತ್ರಕಥೆಯಲ್ಲಿ ಬರುವ ವಿಚಿತ್ರ ಪ್ರಾಣಿಯ ಹೆಸರು ಎಂದು ಮತ್ತೆ ಕೆಲವರು. ನಮ್ಮವರು ಕೊನೆಗೊಂದು ಉಕಾರವನ್ನು ಸೇರಿಸಿ ಅದನ್ನು ಕನ್ನಡದ ನಾಮಪದವನ್ನಾಗಿ ಮಾಡಿಕೊಂಡು ವಾದವನ್ನು ಮುಗಿಸಿದರು.

ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು 1947ರಲ್ಲಿ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದರು. ಗೌಡರದು ಸಿ.ಜೆ. 3ಬಿ ಎಂಬ ಮಾದರಿ. ವಿಲ್ಲಿಸ್‌ನವರು ಇದನ್ನು 1953ರಲ್ಲಿ ಹೊರತಂದರು. ಅಮೆರಿಕದಲ್ಲಿ 1968ರಲ್ಲಿ ಇದರ ತಯಾರಿಕೆ ನಿಂತುಹೋದ ಮೇಲೆಯೂ ನಮ್ಮಲ್ಲಿ ಬಹುಕಾಲ ನಡೆಯಿತು. ಯುದ್ಧಕಾಲದ ಜೀಪಿಗಿಂತ ಇದರ ಮೂತಿ ಎತ್ತರವಾಗಿರುವುದಕ್ಕೆ ಕಾರಣವುಂಟು. ಮೊದಲಿನ ಇಂಜಿನಿನಲ್ಲಿ ಕವಾಟಗಳೆಲ್ಲ ಪಕ್ಕದಲ್ಲಿದ್ದುವು. ಇದರಲ್ಲಿ ಒಳಗೆ ತೆಗೆದುಕೊಳ್ಳುವ ಕವಾಟಗಳನ್ನು ತಲೆಯ ಮೇಲಕ್ಕೆ ಏರಿಸಿದುದರಿಂದ ಇಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಸ್ತ್ರಿಯ ಸುತ್ತಿಗೆ ಹಿಂದಿನ ಸ್ಪ್ರಿಂಗಿನ ಹತ್ತಿರ ಒಂದು ಕಡೆ ನಿಂತಿತು. ಅಲ್ಲಿ ಚಾಸಿಗೆ ಅಂಗೈಯಗಲದ ಪಟ್ಟಿಯೊಂದನ್ನು ಬೆಸೆದಿದ್ದರು. ಬೆಸುಗೆ ಹಳೆಯದು, ಗಟ್ಟಿಯಾಗಿಯೂ ಇತ್ತು. ಆದರೂ ಒಡೆದ ಮೂಳೆ ಒಡೆದ ಮೂಳೆಯೇ. ಗೌಡರು, “ಹೌದು, ಅದನ್ನೂ ಜಾಹೀರಾತಿನಲ್ಲಿ ಬರೀರಿ” ಎಂದರು. ಬೆಂಗಳೂರಿನಲ್ಲಿರುವ ಅವರ ಮಗ ದೂರವಾಣಿಯಲ್ಲಿ, “ಅಪ್ಪಾ, ಕೊಳ್ಳುವವರು ನೋಡಿಕೊಂಡೇ ಕೊಳ್ತಾರೆ. ಕೇಳಿದರೆ ಹೇಳೋಣ, ಬರೆಯೋದು ಯಾಕೆ?” ಎಂದನು. ನಿಜವನ್ನು ಹೇಳಬೇಕೆಂದರೆ ನಾನೂ ಮಗನ ಪಕ್ಷವನ್ನೇ ಹಿಡಿದೆನು. ಮಂಡಿಯ ಖರ್ಚು ನನ್ನ ಕಣ್ಣ ಮುಂದಿತ್ತು. ಸುಳ್ಳು ಬೇರೆ, ಮೌನ ಬೇರೆ ಎಂದು ತರ್ಕವನ್ನೂ ಹೂಡಿದೆನು.

ಗೌಡರು ತರ್ಕಕ್ಕೆ ಬರಲಿಲ್ಲ. ಒಳಗಿನಿಂದ ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕವೊಂದನ್ನು ತರಿಸಿದರು. 1974ರಿಂದ ಜೀಪಿಗೆ ಹಾಕಿಸಿದ ಗ್ರೀಸು, ಬದಲಾಯಿಸಿದ ಎಣ್ಣೆ, ಟೈರು, ಬ್ರೇಕಿನ ಪಟ್ಟಿ, ಎಲ್ಲವೂ ತಂದೆಯ ಅಕ್ಷರದಲ್ಲಿ ಮೊದಲಾಗಿ ಮಗನ ಅಕ್ಷರದಲ್ಲಿ ಮುಂದುವರಿದಿದೆ. ಬೆಸುಗೆಯ ದಿನವನ್ನು ಹುಡುಕುತ್ತ ಹಾಳೆಗಳನ್ನು ತಿರುವಿದೆನು. 1993ರ ಜುಲೈ ತಿಂಗಳು. ‘ಚಾಸಿ ಹಿಂದೆ ಬಿರುಕು, ಬೆಸುಗೆ, ಪಟ್ಟಿ’ ಎಂದಿತ್ತು. ಅದಕ್ಕೆ ನಾಲ್ಕು ದಿನ ಹಿಂದಿನ ಸಾಲಿನಲ್ಲಿ, ‘ರಾತ್ರಿ ಹಳ್ಳ ದಾಟಿ ಆಸ್ಪತ್ರೆ. ಮೇಷ್ಟ್ರ ಮನೆಯವರು’ ಎಂದಿತ್ತು.

ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ನಾನು ಆಗ ಈ ಊರಿನ ಶಾಲೆಗೆ ಹೊಸಬ. ಹೆರಿಗೆಗೆ ಇನ್ನೂ ಮೂರು ವಾರವಿದೆಯೆಂದು ಧೈರ್ಯದಲ್ಲಿದ್ದೆವು. ಮಳೆ ಹಿಡಿದು ಎಂಟು ದಿನವಾಗಿತ್ತು. ಹಳ್ಳದ ನೀರು ಜೀಪಿನ ಅಡಿಯನ್ನು ಮುಟ್ಟುತ್ತಿತ್ತು. ನಡುವೆ ಬಂಡೆಗೆ ಬಡಿದು ಒಂದು ದೊಡ್ಡ ಶಬ್ದವಾಯಿತು. ನಾನು ಹಿಂದೆ ಮಡದಿಯ ಕೈ ಹಿಡಿದು ಕುಳಿತಿದ್ದೆನು. ಗೌಡರು ತಿರುಗಿ ನೋಡಲಿಲ್ಲ, ಚಿಕ್ಕ ಹಿಡಿಗಳೆರಡನ್ನೂ ಹಾಕಿ ಮೇಲೆ ಹತ್ತಿಸಿದರು. ಬೆಳಗಿನ ಜಾವಕ್ಕೆ ನಮ್ಮ ಮಗಳು ಹುಟ್ಟಿದಳು. ಮೂವತ್ತು ವರ್ಷಕ್ಕೂ ಮೇಲಾಯಿತು, ಚಾಸಿ ಬಿರುಕುಬಿಟ್ಟ ಮಾತನ್ನು ಅವರು ಒಮ್ಮೆಯಾದರೂ ನನ್ನ ಮುಂದೆ ಆಡಿರಲಿಲ್ಲ. ಈಗ ಕೇಳಿದರೆ, “ಅದು ಮುಂಚೆಯೇ ಬಿರಿದಿತ್ತು ಮಾರಾಯ್ರೇ, ಆ ರಾತ್ರಿ ಒಂದು ನೆಪ ಅಷ್ಟೆ” ಎಂದುಬಿಟ್ಟರು. ಇದ್ದರೂ ಇರಬಹುದು. ನಾನು ಮೊದಲಿನ ಕಾಗದವನ್ನು ಹರಿದುಹಾಕಿ, ‘1968ರ ಜೀಪು, ಪೆಟ್ರೋಲು, ಇಂಜಿನ್ ಸರಿ ಇದೆ, ಚಾಸಿಗೆ ಹಿಂದುಗಡೆ ಎಡಕ್ಕೆ 1993ರ ಬೆಸುಗೆ ಉಂಟು’ ಎಂದು ಬರೆದುಕೊಟ್ಟೆನು. ಮಗನು ಅಸಮಾಧಾನದಿಂದಲೇ ಅದನ್ನು ತನ್ನ ದೂರವಾಣಿಯ ಮೂಲಕ ನಾಲ್ಕು ಕಡೆ ಪ್ರಕಟಿಸಿದನು. ಬೆಲೆ ಮೂರು ಲಕ್ಷ ರೂಪಾಯಿ.

ಇಬ್ಬರು ಬಂದರು. ಒಬ್ಬರು ಬೆಂಗಳೂರಿನ ಗೃಹಸ್ಥರು, ಹಳೆಯ ವಾಹನಗಳ ಸಂಗ್ರಾಹಕರು. ಇಂತಹವರನ್ನು ಕುರಿತು ನನಗಿದ್ದ ತಾತ್ಸಾರ ಅರ್ಧ ಗಂಟೆಯಲ್ಲಿ ಹೋಯಿತು. ಮುಂದಿನ ಜಾಲರಿಯಲ್ಲಿ ಯುದ್ಧಕಾಲದ ಜೀಪಿಗೆ ಒಂಬತ್ತು ಸೀಳುಗಳು, ನಾಗರಿಕ ಜೀಪಿಗೆ ಏಳು ಎಂದು ತೋರಿಸಿಕೊಟ್ಟವರು ಅವರೇ. ಅವರಿಗೆ ಬೆಸುಗೆಯಿಂದ ಬಾಧಕವಿರಲಿಲ್ಲ. ಹೇಗೂ ಪೂರ್ತಿ ಬಿಚ್ಚಿ ಸರಿಪಡಿಸುವವರು, ಕೇಳಿದ ಬೆಲೆಯನ್ನೇ ಕೊಡಲು ಸಿದ್ಧರು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಇದನ್ನು ವಿಂಟೇಜ್ ವಾಹನವೆಂದು ನೋಂದಾಯಿಸುವುದು ಅವರ ಉದ್ದೇಶ. ಐವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಇರುವ ವಾಹನಗಳಿಗೆ ಈ ಮನ್ನಣೆ ದೊರೆಯುತ್ತದೆ. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ರಸ್ತೆಯಲ್ಲಿ ನಡೆಸತಕ್ಕದ್ದಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಇಂಧನ ತುಂಬಿಸುವುದಕ್ಕೆ ಹೋಗಿಬರಬಹುದು, ಅಷ್ಟೆ. ಮನೆಯಲ್ಲಿ ಹಳೆಯ ವಾಹನವಿರುವ ವಾಚಕರು ಈ ಷರತ್ತನ್ನು ಚೆನ್ನಾಗಿ ತಿಳಿದುಕೊಂಡೇ ಅರ್ಜಿ ಹಾಕಬೇಕು. ದಿನವೂ ಓಡಿಸುವವರಿಗೆ ಐದೈದು ವರ್ಷಕ್ಕೊಮ್ಮೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಸರಿಯಾದ ದಾರಿ.

ಇನ್ನೊಬ್ಬನು ಹಳ್ಳದ ಆಚೆಯ ತರುಣ, ಎರಡೆಕರೆ ಅಡಕೆಯವನು. ಮನೆಯವರೆಗೆ ಸರಿಯಾದ ರಸ್ತೆಯಿಲ್ಲ. “ಗೌಡ್ರೇ, ಎರಡು ಲಕ್ಷ ನಲವತ್ತು ಸಾವಿರ ಹೊಂದಿಸಬಲ್ಲೆ. ಬೆಸುಗೆ ಭಾರ ತಡೆಯುತ್ತೋ ಇಲ್ಲವೋ ನೋಡ್ಬೇಕು” ಎಂದನು. ಬೆಸುಗೆಯ ಪ್ರಶ್ನೆ ನಿಜವಾಗಿ ಮುಟ್ಟಿದ್ದು ಇವನಿಗೆ. ಗೌಡರಿಗೆ ಜೀಪು ಹಳ್ಳದ ಆಚೆಗೇ ಹೋಗಲೆಂಬ ಆಸೆ ಇದ್ದುದು ಅವರ ಮುಖದಲ್ಲಿಯೇ ತಿಳಿಯುತ್ತಿತ್ತು. ಅವರ ಮನೆಯಾಕೆ ಬಾಗಿಲ ಮರೆಯಿಂದ, “ಅರವತ್ತು ಸಾವಿರ ಬಿಟ್ಟು ಧರ್ಮ ಮಾಡೋದಾದ್ರೆ ಮಂಡಿಗೂ ಧರ್ಮದಾಸ್ಪತ್ರೆ ಹುಡುಕಿ” ಎಂದರು. ಆಕೆಯ ಮಾತಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಇಂತಹ ಇಕ್ಕಟ್ಟಿನಲ್ಲಿ ನನ್ನ ಓದು ಒಮ್ಮೆ ಉಪಯೋಗಕ್ಕೆ ಬಂದಿತು. ನಮ್ಮ ಧರ್ಮಶಾಸ್ತ್ರಗಳು ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯ ಎಂಬುದನ್ನೂ ಎಣಿಸಿವೆ. ಕೊಂಡ ಅಥವಾ ಮಾರಿದ ಮೇಲೆ ಉಂಟಾಗುವ ಪಶ್ಚಾತ್ತಾಪ ಎಂದರ್ಥ. ಮನುವು ಅದಕ್ಕೆ ಹತ್ತು ದಿನಗಳ ಅವಧಿಯನ್ನು ಕೊಟ್ಟಿದ್ದಾನೆ. ಯಾಜ್ಞವಲ್ಕ್ಯನು ವಸ್ತುವಿಗೆ ತಕ್ಕಂತೆ ಪರೀಕ್ಷೆಯ ಕಾಲವನ್ನು ಬೇರೆ ಬೇರೆಯಾಗಿ ವಿಧಿಸಿದ್ದಾನೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಜೀಪನ್ನು ಕಬ್ಬಿಣವೆನ್ನಬೇಕೋ ಹೊರೆ ಹೊರುವುದೆನ್ನಬೇಕೋ ಎಂದು ನಾನು ಕೇಳಿದುದಕ್ಕೆ ಗೌಡರು ತಡವಿಲ್ಲದೆ, “ಹೊರುವುದೇ ಸರಿ” ಎಂದರು. ತರುಣನಿಗೆ ಐದು ದಿನ ಕೊಡುವುದೆಂದೂ, ಅಷ್ಟು ದಿನ ಕಾಯಬೇಕೆಂದು ಬೆಂಗಳೂರಿನವರನ್ನು ಕೇಳಿಕೊಳ್ಳುವುದೆಂದೂ ತೀರ್ಮಾನವಾಯಿತು. ಅವರು ಸೌಜನ್ಯದಿಂದ ಒಪ್ಪಿದರು. ಅರ್ಧ ಶತಮಾನ ಕಾದ ವಾಹನಕ್ಕೆ ಐದು ದಿನ ದೊಡ್ಡದಲ್ಲವೆಂದು ನಕ್ಕರು.

ತರುಣನು ಮೂರನೆಯ ದಿನವೇ ಜೀಪನ್ನು ತೊಳೆದು ತಂದು ನಿಲ್ಲಿಸಿದನು. ಹನ್ನೆರಡು ಮೂಟೆ ಹೇರಿ ಹಳ್ಳ ದಾಟಿಸಿದ್ದನಂತೆ. ಬೆಸುಗೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಆದರೆ ಪೆಟ್ರೋಲು ಲೀಟರಿಗೆ ಎಂಟು ಕಿಲೋಮೀಟರಿಗಿಂತ ಹೆಚ್ಚು ಬರಲಿಲ್ಲ. “ಕೊಳ್ಳೋದು ಆದೀತು ಗೌಡ್ರೇ, ಸಾಕೋದು ನನ್ನ ಕೈಲಿ ಆಗಲ್ಲ” ಎಂದು ಬೀಗದಕೈಯನ್ನು ಜಗಲಿಯ ಮೇಲಿಟ್ಟನು. ನಾವು ಚಾಸಿಯನ್ನೇ ನೋಡುತ್ತ ಕುಳಿತಿದ್ದಾಗ ಅವನು ತನ್ನ ಸಂಸಾರದ ಲೆಕ್ಕವನ್ನು ನೋಡಿದ್ದನು. ಆಮೇಲೆ ಅವನು ಹಳೆಯ ಡೀಸೆಲ್ ಪಿಕಪ್ಪೊಂದನ್ನು ಕೊಂಡನೆಂದು ಕೇಳಿದೆನು.

ಮುಂದಿನ ಭಾನುವಾರ ಬೆಂಗಳೂರಿನವರು ಲಾರಿಯೊಂದನ್ನು ತಂದರು. ವರ್ಗಾವಣೆಯ ಇಪ್ಪತ್ತೊಂಬತ್ತು ಮತ್ತು ಮೂವತ್ತನೆಯ ನಮೂನೆಗಳಿಗೆ ಗೌಡರು ರುಜು ಹಾಕಿದರು. ಮೂರು ಲಕ್ಷವೂ ಬ್ಯಾಂಕಿನ ಖಾತೆಗೆ ಬಂದಿತು. ಜೀಪು ತಾನೇ ಓಡಿಹೋಗುವಷ್ಟು ಗಟ್ಟಿಯಾಗಿದ್ದರೂ ಅದನ್ನು ಹಲಗೆಯ ಮೇಲೆ ಹತ್ತಿಸಿ ಹಗ್ಗ ಬಿಗಿದರು. ಗೌಡರು ಕೋಲೂರಿಕೊಂಡು ಲಾರಿಯ ಸುತ್ತ ಒಂದು ಸಲ ಬಂದು, ಹಗ್ಗದ ಒಂದು ಗಂಟನ್ನು ಬಿಚ್ಚಿಸಿ ತಾವೇ ಹೇಳಿ ಬೇರೆ ಹಾಕಿಸಿದರು. ಲೆಕ್ಕದ ಪುಸ್ತಕವೂ ವಾಹನದ ಜೊತೆಯಲ್ಲಿಯೇ ಹೋಗಬೇಕೆಂದು ಸಂಗ್ರಾಹಕರು ಕೇಳಿದ್ದರಿಂದ ಅದನ್ನೂ ಕೊಟ್ಟರು.

ಕೊಡುವುದಕ್ಕೆ ಮೊದಲು ನಾನು 1993ರ ಜುಲೈ ತಿಂಗಳ ಹಾಳೆಯನ್ನು ನಕಲು ಮಾಡಿಕೊಂಡಿದ್ದೆನು. ಮನೆಗೆ ತಂದು ತೋರಿಸಿದೆನು. ಅವಳು ಎರಡು ಸಲ ಓದಿ, “ಆವತ್ತಿನ ಪೆಟ್ರೋಲಿನ ದುಡ್ಡು ಕೊಟ್ಟಿದ್ವಾ?” ಎಂದು ಕೇಳಿದಳು. ನನಗೆ ನೆನಪಿಲ್ಲ. ಹಾಳೆಯಲ್ಲಿಯೂ ಬರೆದಿಲ್ಲ.